ಬಾಟಲಿಯ ಮೇಲೆ ಹ್ಯೂಮನ್ ಅಂತಿತ್ತು

ಇನ್ಸುಲಿನ್ನಿಗೆ ಒಂದು ವಾಸನೆ ಇದೆ. ಹೋದ ತಿಂಗಳು ಡಾಕ್ಟರು ನನಗೂ ಅದನ್ನು ಶುರು ಮಾಡಿದರು. ಮೊದಲ ದಿನ ಸಿರಿಂಜಿನೊಳಗಿನ ಗುಳ್ಳೆ ತೆಗೆಯಲು ಹೋಗಿ ಒಂದು ಹನಿ ಬೆರಳಿನ ಮೇಲೆ ಬಿತ್ತು. ಗಾಯಕ್ಕೆ ಅಂಟಿಸುವ ಪಟ್ಟಿಯ ಕಾಗದ ಬಿಡಿಸಿದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ವಾಸನೆ. ಮೂಗಿನ ಹತ್ತಿರ ತಂದೆ, ಅಷ್ಟೇ… ಕಲ್ಯಾಣದ ಹೋಟೆಲಿನ ಉಗ್ರಾಣದಲ್ಲಿ ತೆಂಗಿನಕಾಯಿ ಚೀಲದ ಮೇಲೆ ಕೂತು, ಅಂಗಿ ಎತ್ತಿ, ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದ ಕಾಕಾ ಕಣ್ಣ ಮುಂದೆ ಬಂದರು. ನನ್ನ ಗಂಡ ಒಳಗಿಂದ "ಏನಾತು, ನೋವಾತೇನು?" ಎಂದು ಕೇಳಿದರು. ಇಲ್ಲ ಎಂದೆ. ಸೂಜಿಯದೇನೂ ನೋವಿರಲಿಲ್ಲ.

ಕಾಕಾ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಎದುರು ಮನೆಯವರು. ನಾನು ಧಾರವಾಡದವಳು, ಅವರು ಉಡುಪಿ ಕಡೆಯವರು. ಮನೆಯಲ್ಲಿ ಹೆಂಡತಿಯ ಜೊತೆ ತುಳು, ಹೋಟೆಲಿನಲ್ಲಿ ಹಿಂದಿ-ಮರಾಠಿ, ನನ್ನ ಜೊತೆ ಕನ್ನಡ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಮಾತು ಕೇಳಿ, "ನಿನ್ನ ಕನ್ನಡಕ್ಕೆ ಖಾರ ಸ್ವಲ್ಪ ಜಾಸ್ತಿ ಮಾರಾಯ್ತಿ" ಎಂದು ನಗುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವರ ಮೇಲೆ ಬರುತ್ತಿರಲಿಲ್ಲ. ಬರುವುದಕ್ಕೆ ಅವರು ಬಿಡುತ್ತಲೂ ಇರಲಿಲ್ಲ, ಕೈಯಲ್ಲಿ ಏನಾದರೂ ತಿಂಡಿಯ ಪೊಟ್ಟಣ ಹಿಡಿದೇ ಬಾಗಿಲು ತಟ್ಟುತ್ತಿದ್ದರು.

ಹೋಟೆಲು ಕಲ್ಯಾಣ ಸ್ಟೇಷನ್ನಿನ ಹೊರಗೆ, ಭಿವಂಡಿ ಕಡೆ ಹೋಗುವ ರಿಕ್ಷಾಗಳು ನಿಲ್ಲುವ ಜಾಗದ ಪಕ್ಕ. ಅಲ್ಲಿ ಅವರದೊಂದು ಪದ್ಧತಿ ಇತ್ತು. ಬೆಳಿಗ್ಗೆ ಶಟರು ಅರ್ಧ ಮಾತ್ರ ಎತ್ತಿರುತ್ತಿತ್ತು. ಕಾಕಾ ಒಳಗೆ ಒಂದು ಮೇಜಿಗೆ ಕೂತರೆ, ಅಡುಗೆಯವರು ಆ ದಿನದ ಮೊದಲ ಇಡ್ಲಿ, ಒಂದು ಸೌಟು ಸಾಂಬಾರು, ಚಟ್ನಿ ತಂದಿಡಬೇಕು. ಅವರು ತಿಂದು, ಬಾಯಿ ಒರೆಸಿಕೊಂಡು, "ಹ್ಞೂಂ" ಅಂದ ಮೇಲೆಯೇ ಶಟರು ಪೂರ್ತಿ ಮೇಲೆ. ಹೊಸ ಹಾಲಿನವನು ಬಂದರೂ ಅಷ್ಟೇ, ಹೊಸ ಬ್ರಾಂಡಿನ ಎಣ್ಣೆ ತಂದರೂ ಅಷ್ಟೇ. ಸಕ್ಕರೆ ಕಾಯಿಲೆ ಇದ್ದ ಮನುಷ್ಯ ಶಿರಾ ಕೂಡ ಬಿಡುತ್ತಿರಲಿಲ್ಲ. ಹೆಂಡತಿ ಬಯ್ದರೆ, "ಗಿರಾಕಿ ಹೊಟ್ಟೆಗೆ ಹೋಗುದು ಮೊದಲು ನನ್ನ ಹೊಟ್ಟೆಗೆ ಹೋಗಬೇಕು, ಮತ್ತೆ ನೀನು ಎಂತ ಬೇಕಾದ್ರೂ ಹೇಳು" ಎಂದು ಬಿಡುತ್ತಿದ್ದರು.

ನನ್ನ ಕೆಲಸ ನವಿ ಮುಂಬಯಿಯ ರಬಾಳೆಯಲ್ಲಿ. ಥಾಣೆಯಿಂದ ವಾಶಿಗೆ ಹೋಗುವ ಲೋಕಲ್ ಗಾಡಿ ಶುರುವಾಗಿ ಆಗಿನ್ನೂ ಮೂರ್ನಾಲ್ಕು ವರ್ಷವಾಗಿದ್ದಿರಬೇಕು. ಡೊಂಬಿವಲಿಯಲ್ಲಿ ಒಳಗೆ ನುಗ್ಗಿ, ಥಾಣೆಯಲ್ಲಿ ಹೊರಗೆ ನುಗ್ಗಿ, ಗಾಡಿ ಬದಲಿಸಿ ಹೋಗಬೇಕಿತ್ತು. ನಮ್ಮದು ಸಣ್ಣ ಕಂಪನಿ. ಮನುಷ್ಯನ ದೇಹದಲ್ಲಿರುವ ಪ್ರೋಟೀನುಗಳನ್ನು ಬ್ಯಾಕ್ಟೀರಿಯಾದೊಳಗೆ ತಯಾರಾಗುವಂತೆ ಮಾಡಿ, ಬ್ಯಾಕ್ಟೀರಿಯಾ ಒಡೆದು, ತೊಳೆದು, ಶುದ್ಧ ಮಾಡಿ, ಕಿರುಬೆರಳಿಗಿಂತ ಚಿಕ್ಕ ಬಾಟಲಿಗಳಲ್ಲಿ ಸಂಶೋಧನೆ ಮಾಡುವವರಿಗೆ ಮಾರುವುದು. ಜೀವಕೋಶದೊಳಗೆ ಪ್ರೋಟೀನು ಕಟ್ಟುವ ಯಂತ್ರಕ್ಕೆ ರೈಬೋಸೋಮ್ ಎನ್ನುತ್ತಾರೆ. ಆ ಯಂತ್ರಕ್ಕೇ ಎಂಬತ್ತರಷ್ಟು ಬಿಡಿಭಾಗ, ಅವೂ ಪ್ರೋಟೀನುಗಳೇ. ಅವುಗಳಲ್ಲಿ ಕೆಲವನ್ನು ಮಾಡುವ ಜವಾಬ್ದಾರಿ ನನ್ನ ಮೇಲಿತ್ತು. ಅದರಲ್ಲಿ ಎಸ್ ಹತ್ತೊಂಬತ್ತು ಎಂಬುದೊಂದು ನನ್ನ ತಲೆ ತಿಂದುಬಿಟ್ಟಿತ್ತು. ಮಾಡಿದಷ್ಟೂ ಗಂಟು ಕಟ್ಟುತ್ತಿತ್ತು. ಯೂರಿಯಾದಲ್ಲಿ ಕರಗಿಸಿದರೆ ಕರಗುವುದು, ಯೂರಿಯಾ ತೆಗೆದರೆ ಮತ್ತೆ ಗಂಟು. ಸಂಜೆ ಮೆಟ್ಟಿಲು ಹತ್ತುತ್ತಾ ಅದಕ್ಕೆ ಶಾಪ ಹಾಕುವುದನ್ನು ಕಾಕಾ ಕೇಳಿಸಿಕೊಂಡಿದ್ದರು.

"ರವೆ ಹುರಿಯದೆ ಉಪ್ಪಿಟ್ಟು ಮಾಡಿದ ಹಾಗಾ? ಒಮ್ಮೆಲೇ ಸುರೀಬೇಡ, ಸ್ವಲ್ಪ ಸ್ವಲ್ಪ ಹಾಕು."

"ಅದನ್ನೂ ಮಾಡಿ ಆತ್ರೀ ಕಾಕಾ. ಅದಕ್ಕೂ ಜಗ್ಗವಲ್ದು."

"ಹಾಗಾದ್ರೆ ಮೆನುವಿನಿಂದ ತೆಗೆದುಬಿಡು" ಎಂದು ನಕ್ಕರು. ಕೊನೆಗೆ ಹೇಗೋ ಸರಿಹೋಯಿತು, ಆ ಖುಷಿಗೆ ನಾನೇ ಅವರ ಮನೆಗೆ ಪೇಢೆ ಕೊಟ್ಟು ಬಂದಿದ್ದೆ. ಎಸ್ ಹತ್ತೊಂಬತ್ತು ಎಂಬ ಹೆಸರು ಅವರ ಕಿವಿಯಲ್ಲಿ ಉಳಿದದ್ದು ಹಾಗೆ.

ಆ ಹೊತ್ತಿಗೆ ಟಿಟ್ವಾಳಾದಲ್ಲಿದ್ದ ಅವರ ಮಗಳಿಗೆ ಹೆಣ್ಣು ಮಗು ಹುಟ್ಟಿತ್ತು. ಮಗು ಬಿಳಿಚಿಕೊಂಡೇ ಇರುತ್ತಿತ್ತು. ಮೊದಮೊದಲು ಮೈಬಣ್ಣವೇ ಬೆಳ್ಳಗೆ ಎಂದು ಎಲ್ಲರೂ ಖುಷಿಪಟ್ಟರು. ಎರಡು ತಿಂಗಳಾಗುವಷ್ಟರಲ್ಲಿ ಹಾಲು ಕುಡಿಯುವುದಕ್ಕೂ ಏದುಸಿರು. ರಕ್ತ ಪರೀಕ್ಷೆ ಮಾಡಿದವರು ಆ ಕೂಡಲೇ ಥಾಣೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೂಳೆಯೊಳಗಿನ ಮಜ್ಜೆ ಕೆಂಪು ಕಣಗಳನ್ನೇ ತಯಾರಿಸುತ್ತಿಲ್ಲ ಎಂದಾಯಿತು. ಅಲ್ಲಿಂದ ಶುರು… ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುವುದು. ಅಷ್ಟು ಚಿಕ್ಕ ಕೈಯಲ್ಲಿ ನರ ಸಿಗುತ್ತಿರಲಿಲ್ಲ. ಕಾಕಾ ವಾರ್ಡಿನ ಒಳಗೆ ನಿಲ್ಲಲಾರದೆ ಹೊರಗೆ ಬಂದುಬಿಡುತ್ತಿದ್ದರು. ತಾವು ರಕ್ತ ಕೊಡುತ್ತೇನೆಂದು ಹೋದರೆ ಇನ್ಸುಲಿನ್ ತಗೊಳ್ಳುವವರದು ಬೇಡ ಎಂದು ರಕ್ತನಿಧಿಯವರು ವಾಪಸು ಕಳಿಸಿದರು. ಹೋಟೆಲಿನ ಹುಡುಗರನ್ನೇ ಸರದಿಯ ಮೇಲೆ ಕರೆದೊಯ್ಯುತ್ತಿದ್ದರು.

ಆಮೇಲೆ ಯಾವುದೋ ಜೀನ್ ಪರೀಕ್ಷೆಗೆಂದು ಮಗುವಿನ ರಕ್ತ ಹೊರದೇಶಕ್ಕೆ ಹೋಗಿ ಬಂತು. ಒಂದು ಭಾನುವಾರ ಬೆಳಿಗ್ಗೆ ಕಾಕಾ ಬಾಗಿಲು ತಟ್ಟಿದರು. ಅಪರೂಪಕ್ಕೆ ಕೈಯಲ್ಲಿ ಪೊಟ್ಟಣ ಇರಲಿಲ್ಲ. ನೇರ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ಮುಖ ಅರಳಿತ್ತು.

"ಸಿಕ್ಕಿತು ಮಾರಾಯ್ತಿ. ಮಗುವಿಗೆ ಕಡಿಮೆ ಇರುದು ಎಂತ ಗೊತ್ತುಂಟಾ? ನಿನ್ನ ಎಸ್ ಹತ್ತೊಂಬತ್ತು!"

ನಾನು ಒಲೆ ಆರಿಸಿದೆ. ಅವರು ಹೇಳುತ್ತಿದ್ದದ್ದು ನಿಜ. ಆ ಕಾಯಿಲೆಯ ಅನೇಕ ಮಕ್ಕಳಲ್ಲಿ ಕೆಟ್ಟಿರುವುದು ಅದೇ ಜೀನು. ನಮ್ಮಿಂದ ಆ ಪ್ರೋಟೀನು ಕೊಳ್ಳುವವರಲ್ಲಿ ಅದರ ಮೇಲೆ ಸಂಶೋಧನೆ ಮಾಡುವವರೂ ಇದ್ದರು. ಆದರೆ ಕಾಕಾ ಮುಂದೆ ಏನು ಹೇಳುತ್ತಾರೆಂದು ಗೊತ್ತಾಗಿಹೋಗಿತ್ತು.

"ಒಂದು ಬಾಟಲಿ ತಂದು ಕೊಡು."

"ಕಾಕಾ, ಅದು ಔಷಧ ಅಲ್ರೀ."

"ಹ್ಯೂಮನ್ ಅಂತ ಬರೆದಿರ್ತದೆ ಅಂತ ನೀನೇ ಹೇಳಿದ್ದು."

"ಮನುಷ್ಯಾರ ಮೈಯಾಗಿಂದು ಅಂತ ಅರ್ಥರೀ. ಮನುಷ್ಯಾರಿಗೆ ಕೊಡೂದು ಅಂತಲ್ಲ. ಕೆಳಗ ಸಣ್ಣ ಅಕ್ಷರದಾಗ ಮನುಷ್ಯಾರಿಗೆ ಕೊಡಬ್ಯಾಡ್ರಿ ಅಂತನೂ ಬರದಿರ್ತೈತಿ."

ಅವರು ಎದ್ದು ತಮ್ಮ ಮನೆಗೆ ಹೋದರು. ಸಿಟ್ಟಾದರೆಂದುಕೊಂಡೆ. ತಿರುಗಿ ಬಂದಾಗ ಕೈಯಲ್ಲಿ ಇನ್ಸುಲಿನ್ ಬಾಟಲಿ ಇತ್ತು. ಫ್ರಿಜ್ಜಿನಿಂದ ತೆಗೆದದ್ದು, ಇನ್ನೂ ಬೆವರುತ್ತಿತ್ತು. ಮೇಜಿನ ಮೇಲೆ ನನ್ನ ಮುಂದೆ ಇಟ್ಟರು. ಬಾಟಲಿಯ ಮೇಲೆ ಹ್ಯೂಮನ್ ಅಂತಿತ್ತು.

"ಇದೂ ಹ್ಯೂಮನ್. ಇದೂ ಬ್ಯಾಕ್ಟೀರಿಯಾದಲ್ಲೇ ಮಾಡುದು, ಡಾಕ್ಟ್ರು ಹೇಳಿದ್ದಾರೆ. ನನಗೆ ಇನ್ಸುಲಿನ್ ಕಡಿಮೆ, ನಾನು ಇನ್ಸುಲಿನ್ ಚುಚ್ಚಿಕೊಳ್ತೇನೆ. ಮಗುವಿಗೆ ಎಸ್ ಹತ್ತೊಂಬತ್ತು ಕಡಿಮೆ. ಇದರಲ್ಲಿ ತಪ್ಪು ಎಂತದುಂಟು ಹೇಳು."

ಓದಿದವರೂ ಹೀಗೇ ಯೋಚಿಸಿಯಾರು. ಇನ್ಸುಲಿನ್ ರಕ್ತದಲ್ಲಿದ್ದುಕೊಂಡು, ಜೀವಕೋಶದ ಹೊರಗಿನಿಂದಲೇ ಕೆಲಸ ಮಾಡುತ್ತದೆ. ಎಸ್ ಹತ್ತೊಂಬತ್ತು ಇರಬೇಕಾದದ್ದು ಜೀವಕೋಶದ ಒಳಗೆ, ಯಂತ್ರದ ಒಳಗೆ. ರಕ್ತಕ್ಕೆ ಸುರಿದರೆ ಅದು ಒಳಗೆ ಹೋಗಿ ಜೋಡಣೆಯಾಗುವುದಿಲ್ಲ. ಇದನ್ನು ಹೇಗೆ ಹೇಳುವುದೆಂದು ಹುಡುಕಿ ಕೊನೆಗೆ ಕೇಳಿದೆ.

"ಕಾಕಾ, ನಿಮ್ಮ ಗ್ರೈಂಡರಿನ ಒಳಗಿನ ಪಿನ್ ಮುರೀತು ಅಂತ ತಿಳೀರಿ. ಹೊಸಾ ಪಿನ್ ತಂದು ಹಿಟ್ಟಿನಾಗ ಹಾಕಿದ್ರ ಗ್ರೈಂಡರ್ ತಿರಗತೈತೇನ್ರೀ?"

ಅವರು ಬಾಟಲಿಯನ್ನು ಮೇಜಿನ ಮೇಲೆ ಅತ್ತಿತ್ತ ಉರುಳಿಸಿದರು. ನಂತರ "ಹಿಟ್ಟು ಹಾಳಾಗ್ತದೆ" ಎಂದರು.

"ಮಗುವಿಗೂ ಹಂಗ ಆಗತೈತ್ರಿ. ಅದರಾಗ ಬ್ಯಾಕ್ಟೀರಿಯಾದ ವಿಷ ಉಳದಿರತೈತಿ. ಇನ್ಸುಲಿನ್ ಮಾಡಿದ ಹಂಗ ಅದನ್ನ ಯಾರೂ ಸ್ವಚ್ಛ ಮಾಡಿರಂಗಿಲ್ಲ. ಜ್ವರ ಬಂದು ಮಗು ಹೋಗಿಬಿಡತೈತಿ."

ಹೋಗಿಬಿಡುತ್ತದೆ ಎಂಬ ಮಾತು ಆಡಬಾರದಿತ್ತೇನೋ. ಆದರೆ ನಾನು ಹೆದರಿಬಿಟ್ಟಿದ್ದೆ. ಸೂಜಿ ಚುಚ್ಚುವುದು ಗೊತ್ತಿದ್ದ ಮನುಷ್ಯ, ಬಾಟಲಿ ಎಲ್ಲಿಂದಲಾದರೂ ಕೈಗೆ ಸಿಕ್ಕಿದರೆ ಮುಗಿಯಿತು. ಕಾಕಾ ಇನ್ಸುಲಿನ್ ಬಾಟಲಿ ಎತ್ತಿಕೊಂಡು, "ಕೊಡಲಿಕ್ಕೆ ಮನಸ್ಸಿಲ್ಲ ಅಂತ ಹೇಳು, ಗ್ರೈಂಡರ್ ಕಥೆ ಬೇಡ" ಎಂದು ಹೊರಟುಹೋದರು. ಆಮೇಲೆ ಕೆಲವು ದಿನ ಮಾತಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಗೋಡೆ ನೋಡಿಕೊಂಡು ಇಳಿಯುತ್ತಿದ್ದರು. ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಆ ಮಗುವನ್ನು ನಾನೂ ಎತ್ತಿ ಆಡಿಸಿದವಳೇ ತಾನೆ!

ಮುಂದಿನ ವಾರ ಮಧ್ಯಾಹ್ನ ನಮ್ಮ ಕಂಪನಿಯ ವಾಚಮನ್ ಬಂದು, "ಮ್ಯಾಡಮ್, ಕೋಯೀ ಅಣ್ಣಾ ಆಯಾ ಹೈ, ಡಬ್ಬಾ ಲೇಕೆ" ಎಂದ. ಊಟದ ಡಬ್ಬಿ ಇರಬೇಕೆಂದು ಹೊರಗೆ ಹೋದರೆ ಕಾಕಾ ನಿಂತಿದ್ದಾರೆ. ಬಿಳಿ ಅಂಗಿ, ಹೆಗಲ ಮೇಲೆ ಅವರು ಬೈರಾಸು ಎನ್ನುವ ಟವೆಲು, ಎರಡು ಕೈಯಲ್ಲೂ ಅಪ್ಪಿಕೊಂಡ ಥರ್ಮೊಕೋಲ್ ಪೆಟ್ಟಿಗೆ. ಹೋಟೆಲಿನ ಐಸ್‌ಕ್ರೀಮು ಬರುವ ಪೆಟ್ಟಿಗೆ ಅದು. ಬಾಟಲಿಯನ್ನು ತಣ್ಣಗೆ ಒಯ್ಯಲೆಂದು ಒಳಗೆ ಐಸು ತುಂಬಿಸಿ ತಂದಿದ್ದರು, ಕರಗಿ ನೀರು ತೊಟ್ಟಿಕ್ಕುತ್ತಿತ್ತು. ಕಲ್ಯಾಣದಿಂದ ರಬಾಳೆಯವರೆಗೆ ಆ ಗಾಡಿಗಳಲ್ಲಿ ಅದನ್ನು ಹೇಗೆ ತಂದರೋ!

"ನಿನ್ನ ಹತ್ತಿರ ಅಲ್ಲ, ನಿನ್ನ ಸಾಹೇಬರ ಹತ್ತಿರ ಮಾತಾಡ್ಲಿಕ್ಕೆ ಬಂದದ್ದು" ಎಂದರು.

ನಮ್ಮ ಸಾಹೇಬರು ಮರಾಠಿಯವರು, ಸಂಭಾವಿತರು. ಅವರ ಕೋಣೆಗೆ ಕಾಕಾರನ್ನು ಕರೆದೊಯ್ದು ನಡೆದದ್ದನ್ನೆಲ್ಲ ನಾನೇ ಹೇಳಿದೆ. ಕಾಕಾ ಕೂರಲಿಲ್ಲ. ನಿಂತುಕೊಂಡೇ ಅಂಗಿಯ ಕೆಳಗಿನ ಗುಂಡಿ ಬಿಚ್ಚತೊಡಗಿದರು. ನಾನು "ಕಾಕಾ, ಏನ್ ಮಾಡಾಕತ್ತೀರಿ?" ಎಂದೆ. ಅವರು ನನ್ನ ಕಡೆ ನೋಡಲಿಲ್ಲ.

"ಸಾಹೇಬ್, ಪೆಹಲೇ ಮೇರೇಕೋ ಲಗಾವ್. ಮೈ ರೋಜ್ ಸುಯೀ ಲೇತಾ ಹೂಂ. ಆಠ್ ದಿನ್ ದೇಖೋ. ಮೇರೇಕೋ ಕುಛ್ ನಹೀ ಹುವಾ ತೋ ಬಚ್ಚೀಕೋ ದೇಂಗೇ."

ಶಟರು ಅರ್ಧ ಎತ್ತಿಟ್ಟು ಮೊದಲ ಇಡ್ಲಿ ತಾನೇ ತಿನ್ನುವ ಮನುಷ್ಯ ಅದನ್ನೇ ಇಲ್ಲಿಗೂ ತಂದಿದ್ದರು. ಮೊದಲು ನನಗೆ ಚುಚ್ಚಿ, ಎಂಟು ದಿನ ನೋಡಿ, ನನಗೇನೂ ಆಗದಿದ್ದರೆ ಮಗುವಿಗೆ ಕೊಡೋಣ, ಸತ್ತರೆ ನಾನು ಸಾಯುತ್ತೇನೆ. ಸಾಹೇಬರೇ ಎದ್ದು ಬಂದು, ಅವರ ಅಂಗಿಯ ಗುಂಡಿ ತಾವೇ ಹಾಕಿ, ಭುಜ ಹಿಡಿದು ಕೂರಿಸಿದರು. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, ಅಣ್ಣಾ, ನಿಮಗೆ ಏನೂ ಆಗದಿದ್ದರೂ ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಮೈಯಲ್ಲಿ ಇದು ಬೇಕಾದಷ್ಟಿದೆ. ಇರುವವನಿಗೆ ಕೊಟ್ಟು ಇಲ್ಲದವಳಿಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡುವುದು ಹೇಗೆ?

ಅದು ಅವರ ಮನಸ್ಸಿಗೆ ಹೋಯಿತು. ನಾನು ಎಷ್ಟು ಹೇಳಿದರೂ ಹೋಗದಿದ್ದದ್ದು ಆಗ ಹೋಯಿತು. ತಾನು ರುಚಿ ನೋಡಿದರೂ ಪ್ರಯೋಜನವಿಲ್ಲದ ವಸ್ತುವೊಂದಿದೆ ಎಂಬುದು ಅವರಿಗೆ ಹೊಸತು.

"ಒಮ್ಮೆ ನೋಡಬಹುದಾ ಅದನ್ನ?" ಎಂದರು, ಕನ್ನಡದಲ್ಲಿ, ನನಗೆ.

ಫ್ರೀಜರಿನಿಂದ ಒಂದು ಬಾಟಲಿ ತಂದು ಕೊಟ್ಟೆ. ಒಣಗಿಸಿ ಪುಡಿ ಮಾಡಿದ್ದು, ತಳದಲ್ಲಿ ಬಿಳಿಯ ಮಂಜಿನಷ್ಟು ಇರುತ್ತದೆ, ಅಭ್ಯಾಸ ಇಲ್ಲದವರಿಗೆ ಖಾಲಿ ಬಾಟಲಿ. ಕಾಕಾ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಿ ಉಂಟು?"

"ತಳದಾಗ ಐತ್ರಿ ಕಾಕಾ."

"ಇಷ್ಟಕ್ಕಾ…" ಎಂದರು. ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವತ್ತು ಸಾಹೇಬರು ನನ್ನನ್ನು ಬೇಗ ಕಳಿಸಿದರು. ಪೆಟ್ಟಿಗೆಯ ನೀರನ್ನು ಗೇಟಿನ ಪಕ್ಕದ ಗಿಡಕ್ಕೆ ಸುರಿದು ಹೊರಟೆವು. ಥಾಣೆಯಲ್ಲಿ ಗಾಡಿ ಬದಲಿಸಿದೆವು. ಮುಂಬ್ರಾ ದಾಟಿದ ನಂತರ ಕಾಕಾ, ಖಾಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, "ನಿನ್ನ ಮೇಲೆ ಸಿಟ್ಟಿಲ್ಲ ಮಾರಾಯ್ತಿ. ಯಾರ ಮೇಲೆ ಸಿಟ್ಟು ಮಾಡುದು ಅಂತ ಗೊತ್ತಾಗುದಿಲ್ಲ, ಅದಕ್ಕೆ ನಿನ್ನ ಮೇಲೆ ಮಾಡಿದೆ" ಎಂದರು.

ಮಗುವಿಗೆ ವರ್ಷ ತುಂಬಿದ ಮೇಲೆ ಆಸ್ಪತ್ರೆಯವರು ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದರು. ಮೂಲೆಯ ಮೆಡಿಕಲ್ಲಿನಲ್ಲಿ ಸಿಗುವ ಸಣ್ಣ ಮಾತ್ರೆ. ಕೆಲವು ಮಕ್ಕಳಿಗೆ ಒಗ್ಗುತ್ತದೆ, ಕೆಲವರಿಗಿಲ್ಲ, ನೋಡೋಣ ಎಂದಿದ್ದರು. ಕೆಲವು ವಾರದಲ್ಲಿ ಮಗುವಿನ ತುಟಿಗೆ ಬಣ್ಣ ಬಂತು. ರಕ್ತ ಕೊಡಿಸುವುದು ನಿಂತೇ ಹೋಯಿತು! ಕಾಕಾ ಇಡೀ ಕಟ್ಟಡಕ್ಕೆ ಶಿರಾ ಹಂಚಿದರು. ಆ ಮಾತ್ರೆಯನ್ನೂ ಒಂದು ಚೂರು ಮುರಿದು ತಾವು ಮೊದಲು ನಾಲಿಗೆಗೆ ಇಟ್ಟುಕೊಂಡಿದ್ದರಂತೆ. ಸಕ್ಕರೆ ಏರುತ್ತದೆ, ಬುದ್ಧಿ ಬ್ಯಾಡೇನ್ರೀ ಎಂದು ನಾನು ಕೂಗಾಡಿದರೆ, "ಭಾರೀ ಕಹಿ. ಬೆಲ್ಲದಲ್ಲಿ ಕೊಡ್ಲಿಕ್ಕೆ ಹೇಳಿದ್ದೇನೆ" ಎಂದರು.

ಹುಡುಗಿ ಶಾಲೆಗೆ ಸೇರಿದ್ದನ್ನು ಅವರು ನೋಡಿದರು. ಕನ್ನಡ ಕೇಳಿದರೆ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ಅದೊಂದು ಅವರಿಗೆ ಬೇಸರ. ಇಷ್ಟೆಲ್ಲ ಆಗಿ ಒಂದು ಮಳೆಗಾಲದಲ್ಲಿ ಹೃದಯ ಕೈಕೊಟ್ಟಿತು, ಆಸ್ಪತ್ರೆ ಸೇರುವ ಮೊದಲೇ ಹೋದರು. ಹೋಟೆಲನ್ನು ಬೇರೆಯವರು ನಡೆಸುತ್ತಾರೆ ಈಗ. ಎದುರು ಮನೆಗೆ ಬಾಡಿಗೆಯವರು ಬಂದಿದ್ದಾರೆ, ಒಳ್ಳೆಯವರೇ.

ಹೋದ ವರ್ಷದಿಂದ ಹುಡುಗಿಗೆ ಮಾತ್ರೆ ಕೆಲಸ ಮಾಡುತ್ತಿಲ್ಲ. ಎಷ್ಟೋ ವರ್ಷ ಮಾಡಿ ಹೀಗೆ ಒಮ್ಮೆ ನಿಂತುಹೋಗುವುದು ಇದೆಯಂತೆ. ಮಜ್ಜೆ ಹೊಂದುವವರು ಮನೆಯಲ್ಲಿ ಯಾರೂ ಸಿಗಲಿಲ್ಲ. ಮತ್ತೆ ಥಾಣೆ, ಮತ್ತೆ ರಕ್ತದ ಚೀಲ. ಅವಳ ತಾಯಿಗೆ ರಜೆ ಸಿಗದಿದ್ದರೆ ನಾನು ಜೊತೆಗೆ ಹೋಗುತ್ತೇನೆ. ಕಾಕಾ ಇದನ್ನು ನೋಡದೆ ಹೋದರು, ಪುಣ್ಯವಂತರು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ಮೊನ್ನೆ ಮೂವರೂ ಹೋಗಿದ್ದೆವು. ಡಾಕ್ಟರು ಫೈಲು ಮುಚ್ಚುತ್ತಾ, ಸದ್ಯಕ್ಕೆ ಇಷ್ಟೇ, ಹೀಗೇ ನಡೆಸೋಣ ಎಂದರು. ಅವಳ ತಾಯಿ ತಲೆಯಾಡಿಸಿದಳು. ಹುಡುಗಿಯೂ ತಲೆಯಾಡಿಸಿದಳು. ಆ ಪ್ರೋಟೀನನ್ನು ಕೈಯಾರೆ ಮಾಡುವ ನಾನೂ ತಲೆಯಾಡಿಸಿ ಎದ್ದು ಬಂದೆ. ಯಾಕೆ ಇಷ್ಟೇ, ನನ್ನ ಮೇಲೆ ಮಾಡಿ ನೋಡಿ, ನನಗೆ ಚುಚ್ಚಿ ಎಂದು ಆ ಕೋಣೆಯಲ್ಲಿ ಎದ್ದು ನಿಲ್ಲುವವರು ಯಾರೂ ಇರಲಿಲ್ಲ. ನಾವೆಲ್ಲ ತಿಳಿದವರು. ತಿಳಿಯದೆ ಪಟ್ಟು ಹಿಡಿಯುವವರು ಒಬ್ಬರಿದ್ದರು ಆ ಮಗುವಿಗೆ, ಅವರಿಲ್ಲ.